‘ಚಂದಮಾಮ’ದ ಅದ್ಭುತ ಧಾರಾವಾಹಿಗಳು ಮತ್ತು ಕನ್ನಡ ಓದುಗರು

ಕೃತಿಯೊಂದರ ಬೆಲೆಕಟ್ಟುವಲ್ಲಿ ವಿಮರ್ಶಕನ ಮಾತಿಗೆ ದೊರೆತಷ್ಟು ಮನ್ನಣೆ ಸಾಮಾನ್ಯ ಓದುಗನ ಮಾತಿಗೆ ದೊರೆತಿಲ್ಲ. ಮದರಾಸಿನಿಂದ ಪ್ರಕಟವಾಗುತ್ತಿದ್ದ ‘ಚಂದಮಾಮ’ ಮಾಸಪತ್ರಿಕೆಯ ಅದ್ಭುತ ಸಾಹಸ ಧಾರಾವಾಹಿಗಳು ಇದಕ್ಕೆ ನಿದರ್ಶನ. ಕನ್ನಡಿಗರ ಎರಡು ಮೂರು ತಲೆಮಾರುಗಳು ಇವನ್ನು ಓದಿ ಬೆಳೆದವು. ಆದರೆ ಸಾಹಿತ್ಯ ಚರಿತ್ರೆಯಲ್ಲಿ ಇವುಗಳಿಗೆ ದೊರೆತ ಸ್ಥಳ ಅತ್ಯಲ್ಪ. ಓದುಗರು ಇವನ್ನು ಹೇಗೆ ಸ್ವೀಕರಿಸಿದರು ಎಂಬುದು ಪರಿಶೀಲನೆಗೆ ಅರ್ಹವಾದ ವಿಷಯ.

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದ ಈ ಪತ್ರಿಕೆಯ ಕನ್ನಡ ಆವೃತ್ತಿ ಆ ದಶಕ ಮುಗಿಯುವುದರೊಳಗೆ ಹೊರಬಂದಿತು. ಧಾರಾವಾಹಿಗಳ ಮೂಲ ತೆಲುಗು. 1950ರ ದಶಕದ ‘ತೋಕಚುಕ್ಕ’ದಿಂದ ಮೊದಲುಗೊಂಡು ‘ಶಿಥಿಲಾಲಯ’, ‘ಯಕ್ಷಪರ್ವತ’, ‘ಮಾಯಾಸರೋವರ’ ಮುಂತಾದ ಹತ್ತಕ್ಕೂ ಹೆಚ್ಚು ಕಥೆಗಳನ್ನು ಬರೆದವರು ದಾಸರಿ ಸುಬ್ರಹ್ಮಣ್ಯಂ (1932–2010). 1952ರಿಂದ 1980ರವರೆಗೆ ಪತ್ರಿಕೆಯ ಸಂಪಾದನೆಯನ್ನು ನಿರ್ವಹಿಸಿದ ಕೊಡವಟಿಗಂಟಿ ಕುಟುಂಬರಾವ್ ತೆಲುಗಿನ ಪ್ರಮುಖ ವಾಸ್ತವವಾದಿ ಕಾದಂಬರಿಕಾರರು. ವಾಸ್ತವವಾದಿಯೊಬ್ಬರ ಕಣ್ಣೆದುರಿನಲ್ಲೇ ಈ ಅದ್ಭುತ ಲೋಕ ಬೆಳೆಯಿತೆಂಬುದು ಗಮನಾರ್ಹ.

ಓದುಗರ ಅಭಿಪ್ರಾಯಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಬೆರಗಿನದು. ಮಾಂತ್ರಿಕರು, ಪಾಳುಗುಡಿಗಳು, ಪಾತಾಳದ ದಾರಿಗಳು ಅಜ್ಜಿಕಥೆ ಕೇಳಿ ಬೆಳೆದ ಮಗುವಿಗೆ ಅಪರಿಚಿತವಲ್ಲ. ಆದರೆ ಅಜ್ಜಿಯ ಕಥೆ ರಾತ್ರಿಯೊಂದರಲ್ಲಿ ಮುಗಿಯುತ್ತದೆ. ಧಾರಾವಾಹಿ ನಾಯಕನನ್ನು ಅಪಾಯದ ಅಂಚಿನಲ್ಲಿ ನಿಲ್ಲಿಸಿ ಓದುಗನನ್ನು ಒಂದು ತಿಂಗಳು ಕಾಯಿಸುತ್ತದೆ. ಆ ಬಿಡುವಿನಲ್ಲಿ ಖಡ್ಗವರ್ಮ–ಜೀವದತ್ತರ ಮುಂದಿನ ಗತಿಯನ್ನು ಓದುಗನೇ ಊಹಿಸಿಕೊಳ್ಳಬೇಕು. ಹೀಗೆ ಕಾಯುವುದೂ ಓದಿನ ಭಾಗವೇ ಆಗಿತ್ತು.

ಎರಡನೆಯದು ಆಕ್ಷೇಪದ್ದು. ಮಂತ್ರತಂತ್ರಗಳ ಕಥೆ ಮಕ್ಕಳಲ್ಲಿ ಮೂಢನಂಬಿಕೆಯನ್ನು ಬಿತ್ತುತ್ತದೆ ಎಂಬುದು ಹಿರಿಯರ ವಾದ. ಇದನ್ನು ತಳ್ಳಿಹಾಕುವಂತಿಲ್ಲವಾದರೂ, ಈ ಕಥೆಗಳಲ್ಲಿ ಮಂತ್ರವು ಹೆಚ್ಚಾಗಿ ನಾಯಕರು ದಾಟಬೇಕಾದ ತೊಡಕು. ಗೆಲ್ಲುವುದು ಅವರ ಧೈರ್ಯ, ಸಮಯಸ್ಫೂರ್ತಿ ಮತ್ತು ಸ್ನೇಹ. ಕಥಾತಂತ್ರ ಪುನರಾವರ್ತನೆಗೊಳ್ಳುತ್ತದೆ, ರಾಜಕುಮಾರಿಯರ ಪಾಲಿಗೆ ಬಿಡುಗಡೆಗಾಗಿ ಕಾಯುವುದಷ್ಟೇ ಉಳಿಯುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಬಲವಾದುದು. ಇದು ಪ್ರೌಢರಾದ ಮೇಲೆ ಮತ್ತೆ ಓದಿದವರಿಗೆ ಹೊಳೆಯುವ ಮಾತು. ಬಾಲ್ಯದ ಓದು ಮತ್ತು ಮರುಓದು ಎಂಬ ಈ ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ, ಹಳೆಯ ನೆನಪಿನ ಸವಿಯನ್ನೇ ಕೃತಿಯ ಗುಣವೆಂದು ಭ್ರಮಿಸುವ ಅಪಾಯವಿದೆ.

ಮೂರನೆಯದು ಭಾಷೆಯನ್ನು ಕುರಿತದ್ದು. ಇದು ಪುಸ್ತಕದ ಕನ್ನಡ, ಮಾತಿನ ಸೊಗಡಿಲ್ಲದ್ದು ಎಂಬ ದೂರು ನ್ಯಾಯವಾದುದೇ. ಆದರೆ ಮೈಸೂರಿಗೂ ಧಾರವಾಡಕ್ಕೂ ಕರಾವಳಿಗೂ ಸೇರದ ಆ ಸರಳ ಗ್ರಾಂಥಿಕ ಭಾಷೆ ಅಷ್ಟೇ ಕಾರಣದಿಂದ ಎಲ್ಲ ಕಡೆಗೂ ಸಲ್ಲುವಂಥದಾಗಿತ್ತು. ಮದರಾಸಿನ ಕನ್ನಡ ಕುಟುಂಬಗಳಲ್ಲಿ ಇದಕ್ಕೆ ಇನ್ನೊಂದು ಅರ್ಥವಿದೆ. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಮಾತ್ರ ಕನ್ನಡ ಎಂಬ ಸ್ಥಿತಿಯಲ್ಲಿ ಬೆಳೆಯುವ ಮಗುವಿಗೆ ತನ್ನ ಭಾಷೆಗೆ ಲಿಪಿಯೂ ಉಂಟೆಂದು ತೋರಿಸಿಕೊಡಲು, ಮುಂದೇನಾಯಿತು ಎಂಬ ಕುತೂಹಲಕ್ಕಿಂತ ಬಲವಾದ ಪಠ್ಯ ಬೇರೊಂದಿಲ್ಲ.

ಈ ಅಭಿಪ್ರಾಯಗಳೆಲ್ಲದರಲ್ಲೂ ಸಮಾನವಾದ ಒಂದು ಮೌನವಿದೆ. ಓದುಗರಿಗೆ ‘ಚಿತ್ರಾ’, ‘ಶಂಕರ್’ ಎಂಬ ಹೆಸರುಗಳು ನೆನಪಿವೆ; ಚಿತ್ರಗಳ ಮೂಲೆಯಲ್ಲಿ ಅವರ ಸಹಿಗಳಿದ್ದವು. ಧಾರಾವಾಹಿಗಳನ್ನು ಬರೆದವರಾರೆಂಬುದು ಬಹುಮಂದಿಗೆ ತಿಳಿಯಲಿಲ್ಲ. ಅವನ್ನು ಕನ್ನಡಕ್ಕೆ ತಂದವರ ಹೆಸರಂತೂ ಓದುಗರ ನಾಲಿಗೆಯ ಮೇಲೆ ಇಲ್ಲ. ಓದುಗ ಅವುಗಳನ್ನು ಅನುವಾದವೆಂದು ಎಣಿಸದೆ ತನ್ನದೆಂದೇ ಓದಿದನೆಂಬುದು ಅನುವಾದಕರ ಯಶಸ್ಸು. ಅವರು ಮರೆತುಹೋಗಲು ಅದೇ ಕಾರಣವೂ ಆಯಿತು.

ಕಿಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾನಿಲಯವು ಅದನ್ನು ನಾಲ್ಕು ಸಂಪುಟಗಳಲ್ಲಿ (1968–71) ಹೊರತಂದುದು ಈ ನಗರದಲ್ಲೇ. ಆ ಕಾರ್ಯ ವಿದ್ವತ್ತಿನ ದಾಖಲೆಯಲ್ಲಿ ಭದ್ರವಾಗಿದೆ. ಅದೇ ವರ್ಷಗಳಲ್ಲಿ ಅದೇ ನಗರದ ವಡಪಳನಿಯಲ್ಲಿ ಸಾವಿರಾರು ಕನ್ನಡ ಮಕ್ಕಳ ಕೈಗೆ ಓದುವ ಸುಖವನ್ನಿತ್ತವರ ಕಾರ್ಯ ಹಾಗೆ ಉಳಿದಿಲ್ಲ. ಪತ್ರಿಕೆ 2010ರ ದಶಕದ ಆರಂಭದಲ್ಲಿ ನಿಂತುಹೋಯಿತು. ಚಿತ್ರಕಾರ ಶಂಕರ್ 2020ರಲ್ಲಿ ತೀರಿಕೊಂಡರು. ಮೊದಲ ತಲೆಮಾರಿನ ಓದುಗರಿಗೆ ಈಗ ಎಂಬತ್ತರ ಆಸುಪಾಸು. ತೆಲುಗು ಮೂಲವನ್ನೂ ಕನ್ನಡ ಪಾಠವನ್ನೂ ಹೋಲಿಸಿ ನೋಡುವ ಕೆಲಸ ಮುಂದೆಯೂ ಸಾಧ್ಯ. ಆ ಓದುಗರ ಮಾತನ್ನು ಬರೆದಿಟ್ಟುಕೊಳ್ಳುವ ಕೆಲಸಕ್ಕೆ ಉಳಿದಿರುವ ಕಾಲ ಸ್ವಲ್ಪ. ಕನ್ನಡದ ಸಂಶೋಧಕರು ಎರಡನೆಯದನ್ನು ಮೊದಲು ಕೈಗೆತ್ತಿಕೊಳ್ಳುವುದು ಉಚಿತ.