ತಾಂತ್ರಿಕ ಸಂದರ್ಶನದ ಸಿದ್ಧತೆ: ನಂಬಿಕೆ ಮತ್ತು ವಾಸ್ತವ

ಅಭ್ಯರ್ಥಿಗೆ ಒಂದು ಸಮಸ್ಯೆಯನ್ನು ಕೊಟ್ಟು, ಮುಕ್ಕಾಲು ಗಂಟೆ ಅಥವಾ ಒಂದು ಗಂಟೆಯೊಳಗೆ ಸಂದರ್ಶಕರ ಎದುರಿನಲ್ಲೇ ಅದನ್ನು ಬಿಡಿಸಿ ಕೋಡ್ ಬರೆಯುವಂತೆ ಕೇಳುವ ಪರೀಕ್ಷೆಯನ್ನು ಸಾಫ್ಟ್‌ವೇರ್ ಕ್ಷೇತ್ರದಲ್ಲಿ ತಾಂತ್ರಿಕ ಸಂದರ್ಶನ ಎನ್ನುತ್ತಾರೆ. ಬೆಂಗಳೂರಿನ ಕಂಪನಿಗಳ ನೇಮಕಾತಿಯಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳ ಕ್ಯಾಂಪಸ್ ಪ್ಲೇಸ್‌ಮೆಂಟಿನಲ್ಲಿಯೂ ಇದು ನಿರ್ಣಾಯಕ ಘಟ್ಟವಾಗಿರುವುದರಿಂದ ಇದರ ಸುತ್ತ ಹಲವು ನಂಬಿಕೆಗಳು ಬೆಳೆದಿದ್ದು, ಅವುಗಳಲ್ಲಿ ಕೆಲವು ವಿದ್ಯಾರ್ಥಿಗಳ ತಿಂಗಳುಗಟ್ಟಲೆಯ ಶ್ರಮವನ್ನು ವ್ಯರ್ಥಗೊಳಿಸುತ್ತಿವೆ.

ಹೆಚ್ಚು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದಷ್ಟೂ ಗೆಲುವು ಖಚಿತ ಎಂಬುದು ಇವುಗಳಲ್ಲಿ ಅತ್ಯಂತ ವ್ಯಾಪಕವಾದ ತಪ್ಪು ಕಲ್ಪನೆ. ಲೀಟ್‌ಕೋಡ್‌ನಂತಹ ಅಭ್ಯಾಸ ತಾಣಗಳಲ್ಲಿ ಸಾವಿರಾರು ಸಮಸ್ಯೆಗಳಿರುವುದರಿಂದ, ಅವುಗಳ ಪರಿಹಾರಗಳನ್ನು ಒಂದರ ಹಿಂದೊಂದು ಓದಿ ಉರು ಹೊಡೆಯುವುದೇ ಸಿದ್ಧತೆ ಎಂದು ಅನೇಕರು ಭಾವಿಸುತ್ತಾರೆ. ಆದರೆ ವಿಧಾನ ತಿಳಿದಿರುವುದು ಬೇರೆ, ಅದನ್ನು ದೋಷವಿಲ್ಲದೆ ಬರೆಯುವುದು ಬೇರೆ ಎಂಬುದನ್ನು ಬೈನರಿ ಸರ್ಚ್‌ನ ಇತಿಹಾಸವೇ ತೋರಿಸುತ್ತದೆ. ಕ್ರಮವಾಗಿ ಜೋಡಿಸಿದ ಪಟ್ಟಿಯ ನಡುವಿನ ಅಂಶವನ್ನು ನೋಡಿ, ಬೇಕಾದದ್ದು ಇರಲಾರದ ಅರ್ಧವನ್ನು ಕೈಬಿಟ್ಟು, ಉಳಿದರ್ಧದಲ್ಲಿ ಮತ್ತೆ ಹಾಗೆಯೇ ಹುಡುಕುವ ಈ ವಿಧಾನ 10 ಲಕ್ಷ ಅಂಶಗಳ ಪಟ್ಟಿಯಲ್ಲಿಯೂ ಸುಮಾರು 20 ಹೆಜ್ಜೆಗಳಲ್ಲಿ ಕೆಲಸ ಮುಗಿಸುತ್ತದೆ. ಇದು ಮೊದಲು ಪ್ರಕಟವಾದದ್ದು 1946ರಲ್ಲಿ. ಎಲ್ಲ ಗಾತ್ರದ ಪಟ್ಟಿಗಳಿಗೂ ಹೊಂದುವ ರೂಪ ಅಚ್ಚಾಗಲು 1960ರ ದಶಕದವರೆಗೆ ಕಾಯಬೇಕಾಯಿತೆಂದು ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ಗ್ರಂಥದಿಂದ ತಿಳಿಯುತ್ತದೆ. ವೃತ್ತಿಪರ ಪ್ರೋಗ್ರಾಮರ್‌ಗಳಿಗೆ ಇದೇ ಸಮಸ್ಯೆಯನ್ನು ಕೊಟ್ಟು, ಬರೆಯಲು ಸಾಕಷ್ಟು ಸಮಯವನ್ನೂ ನೀಡಿದಾಗ ಅವರಲ್ಲಿ ಬಹುಪಾಲು ಮಂದಿಯ ಕೋಡ್‌ನಲ್ಲಿ ದೋಷ ಕಂಡುಬಂದಿತೆಂದು ಜಾನ್ ಬೆಂಟ್ಲಿ ತಮ್ಮ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಕೃತಿಯಲ್ಲಿ ಬರೆದರು. ಆ ಕೃತಿಯಲ್ಲಿದ್ದ ಪರಿಹಾರದಲ್ಲಿಯೂ ಜಾವಾ ಭಾಷೆಯ ಸಿದ್ಧ ಕೋಡ್ ಸಂಗ್ರಹದಲ್ಲಿಯೂ (ಲೈಬ್ರರಿ) ಒಂದೇ ಬಗೆಯ ದೋಷ ಅಡಗಿತ್ತು ಎಂಬುದನ್ನು 2006ರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಜೋಶುವಾ ಬ್ಲಾಕ್ ಬಯಲಿಗೆ ತಂದರು. ನಡುವಿನ ಸ್ಥಾನವನ್ನು ಕಂಡುಹಿಡಿಯಲು ಕೆಳಗಿನ ಮತ್ತು ಮೇಲಿನ ಸ್ಥಾನಗಳನ್ನು ಕೂಡಿಸಿ ಎರಡರಿಂದ ಭಾಗಿಸುವಾಗ, ಪಟ್ಟಿ ಬಹಳ ದೊಡ್ಡದಿದ್ದರೆ ಆ ಮೊತ್ತ 32 ಬಿಟ್‌ಗಳ ಪೂರ್ಣಾಂಕದ ಮಿತಿಯಾದ 2,14,74,83,647ನ್ನು ಮೀರಿ ಋಣಸಂಖ್ಯೆಯಾಗಿಬಿಡುತ್ತದೆ. ಎರಡು ಸ್ಥಾನಗಳ ವ್ಯತ್ಯಾಸದ ಅರ್ಧವನ್ನು ಕೆಳಗಿನ ಸ್ಥಾನಕ್ಕೆ ಕೂಡಿಸಿದರೆ ಈ ತೊಂದರೆ ಇರುವುದಿಲ್ಲ. ಪಠ್ಯಪುಸ್ತಕದ ಮೊದಲ ಪಾಠಗಳಲ್ಲೇ ಬರುವ ವಿಧಾನದ ಪಾಡೇ ಹೀಗಿರುವಾಗ, ಐನೂರು ಪರಿಹಾರಗಳ ಮೇಲೆ ಕಣ್ಣಾಡಿಸಿದ ಅಭ್ಯರ್ಥಿಗಿಂತ ಐವತ್ತನ್ನು ಖಾಲಿ ಪುಟದಿಂದ ಬರೆದು, ಖಾಲಿ ಪಟ್ಟಿ, ಒಂದೇ ಅಂಶದ ಪಟ್ಟಿ, ಪಟ್ಟಿಯಲ್ಲಿಲ್ಲದ ಸಂಖ್ಯೆ ಇಂತಹ ಅಂಚಿನ ಸಂದರ್ಭಗಳಲ್ಲಿ ಪರೀಕ್ಷಿಸಿ ನೋಡಿದವರ ತಯಾರಿಯೇ ಗಟ್ಟಿಯಾದುದು ಎನ್ನಲು ಹಿಂಜರಿಯಬೇಕಾಗಿಲ್ಲ.

ಕಲಿಕೆಯ ಮನೋವಿಜ್ಞಾನವೂ ಇದನ್ನೇ ಹೇಳುತ್ತದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಹೆಚ್ಚು ನೆನಪಿಟ್ಟುಕೊಂಡಿದ್ದರು. ಪರಿಹಾರವನ್ನು ಓದಿದೊಡನೆ ಉಂಟಾಗುವ ‘ಅರ್ಥವಾಯಿತು’ ಎಂಬ ಭಾವನೆ ಎಷ್ಟು ಅಲ್ಪಾಯುಷಿ ಎಂಬುದನ್ನು ಇದರಿಂದ ಊಹಿಸಬಹುದು.

ಉತ್ತರ ಸರಿಯಿದ್ದರೆ ಸಾಕು, ಮಾತಿನ ಅಗತ್ಯವಿಲ್ಲ ಎಂಬ ನಂಬಿಕೆಯೂ ಅಷ್ಟೇ ಹಾನಿಕರ. ಒಂದು ಪಟ್ಟಿಯಲ್ಲಿ ಕೂಡಿದರೆ ನಿರ್ದಿಷ್ಟ ಮೊತ್ತ ಬರುವ ಎರಡು ಸಂಖ್ಯೆಗಳಿವೆಯೇ ಎಂದು ಕೇಳಿದಾಗ, ಬರೆಯಲು ತೊಡಗುವ ಮೊದಲು ಪಟ್ಟಿ ಕ್ರಮವಾಗಿದೆಯೇ, ಒಂದೇ ಅಂಶವನ್ನು ಎರಡು ಸಲ ಬಳಸಬಹುದೇ, ಪಟ್ಟಿ ಎಷ್ಟು ದೊಡ್ಡದು ಎಂದು ವಿಚಾರಿಸುವುದು ಪರಿಹಾರದ ಒಂದು ಭಾಗವೇ ಆಗಿದೆ. ಒಂದು ಲಕ್ಷ ಸಂಖ್ಯೆಗಳಿದ್ದರೆ ಪ್ರತಿ ಜೋಡಿಯನ್ನೂ ಪರೀಕ್ಷಿಸಲು ಸುಮಾರು 500 ಕೋಟಿ ಸಲ ಹೋಲಿಸಬೇಕಾಗುತ್ತದೆ. ಮೌಲ್ಯದಿಂದಲೇ ಅದನ್ನು ಇಡುವ ಜಾಗವನ್ನು ಲೆಕ್ಕಹಾಕುವ ಹ್ಯಾಶ್ ಟೇಬಲ್ ಎಂಬ ದತ್ತಾಂಶ ರಚನೆಯನ್ನು ಬಳಸಿದರೆ, ಹೆಚ್ಚಿನ ಸ್ಮೃತಿಯ ಬೆಲೆ ತೆತ್ತು, ಸಾಮಾನ್ಯವಾಗಿ ಪಟ್ಟಿಯ ಮೇಲೆ ಒಂದೇ ಸಲ ಸಾಗಿ ಉತ್ತರ ಪಡೆಯಬಹುದು. ಈ ಲಾಭನಷ್ಟವನ್ನು ಬಾಯಿಬಿಟ್ಟು ವಿವರಿಸಿದಾಗ ಮಾತ್ರ ಅಭ್ಯರ್ಥಿ ಯೋಚಿಸಿ ಬರೆದದ್ದೋ ನೆನಪಿನಿಂದ ಇಳಿಸಿದ್ದೋ ಎಂಬುದು ಸಂದರ್ಶಕರಿಗೆ ಸ್ಪಷ್ಟವಾಗುತ್ತದೆ. ದಾರಿ ತಪ್ಪಿದಾಗ ಅವರು ಸುಳಿವು ಕೊಡಲು ಸಾಧ್ಯವಾಗುವುದೂ ಆಗಲೇ.

ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕರು ಇಲ್ಲಿಗೆ ಬಂದು ಅಳುಕುತ್ತಾರೆ. ಸಂದರ್ಶನ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆಯುತ್ತದೆ ಎಂಬುದು ನಿಜವಾದರೂ, ಅದಕ್ಕೆ ಬೇಕಾದುದು ಅರಳು ಹುರಿದಂತಹ ಮಾತುಗಾರಿಕೆಯಲ್ಲ. ಲೂಪ್, ಅರೇ, ಇಂಡೆಕ್ಸ್ ಮುಂತಾದ ಸೀಮಿತ ಪದಗಳನ್ನು ಸರಿಯಾಗಿ ಬಳಸಿ, ಚಿಕ್ಕ ವಾಕ್ಯಗಳಲ್ಲಿ ಮುಂದಿನ ಹೆಜ್ಜೆ ಯಾವುದು ಮತ್ತು ಏಕೆ ಎಂದು ಹೇಳಬಲ್ಲವರಿಗೆ ಅಷ್ಟು ಸಾಕು. ಮೊದಲು ಕನ್ನಡದಲ್ಲೇ ಗೆಳೆಯರಿಗೆ ವಿವರಿಸಿ, ತರ್ಕ ಹದಕ್ಕೆ ಬಂದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಅಭ್ಯಾಸ ಮಾಡುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಸಂದರ್ಶನದಲ್ಲಿ ಒಗಟುಗಳನ್ನು ಕೇಳುತ್ತಾರೆ ಎಂಬ ಭಯವೂ ಹಳೆಯದು. ಒಂದು ವಿಮಾನದಲ್ಲಿ ಎಷ್ಟು ಗಾಲ್ಫ್ ಚೆಂಡುಗಳು ಹಿಡಿಯುತ್ತವೆ ಎಂಬಂತಹ ಪ್ರಶ್ನೆಗಳು ಏನನ್ನೂ ಮುನ್ಸೂಚಿಸುವುದಿಲ್ಲವೆಂದು ಗೂಗಲ್‌ನ ಮಾನವ ಸಂಪನ್ಮೂಲ ಮುಖ್ಯಸ್ಥರಾಗಿದ್ದ ಲಾಜ್ಲೊ ಬಾಕ್ 2013ರಲ್ಲೇ ಬಹಿರಂಗವಾಗಿ ಹೇಳಿದ್ದಾರೆ.

ಸಂದರ್ಶನದಲ್ಲಿ ಸೋತವರಿಗೆ ಪ್ರೋಗ್ರಾಮಿಂಗ್ ಬರುವುದಿಲ್ಲ ಎಂಬ ತೀರ್ಮಾನವೇ ಎಲ್ಲಕ್ಕಿಂತ ಕ್ರೂರವಾದ ತಪ್ಪು ಕಲ್ಪನೆ. ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 48 ವಿದ್ಯಾರ್ಥಿಗಳ ಪೈಕಿ ಕೆಲವರು ಸಂದರ್ಶಕರ ಎದುರು ಬಿಳಿಹಲಗೆಯ ಮೇಲೆಯೂ ಉಳಿದವರು ಯಾರೂ ನೋಡದ ಕೋಣೆಯಲ್ಲಿಯೂ ಸಮಸ್ಯೆಯನ್ನು ಬಿಡಿಸಿದರು. ಇನ್ನೊಬ್ಬರು ನೋಡುತ್ತಿದ್ದಾರೆ ಎಂಬ ಕಾರಣದಿಂದಲೇ ಸಾಧನೆ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಭಾಗವಹಿಸಿದವರ ಸಂಖ್ಯೆ ಚಿಕ್ಕದಾದರೂ ಇದನ್ನು ಲಘುವಾಗಿ ಕಾಣುವಂತಿಲ್ಲ, ಏಕೆಂದರೆ ಮನೆಯಲ್ಲಿ ಒಬ್ಬರೇ ಕುಳಿತು ಎಷ್ಟೇ ಅಭ್ಯಾಸ ಮಾಡಿದರೂ ನೋಡುವವರ ಎದುರು ಯೋಚಿಸುವ ರೂಢಿ ಅದರಿಂದ ಬರುವುದಿಲ್ಲ. ಆದ್ದರಿಂದ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಪ್ರಶ್ನೆಗಳ ಪಟ್ಟಿ ಹಂಚುವುದಕ್ಕಷ್ಟೇ ನಿಲ್ಲದೆ, ಐದನೆಯ ಸೆಮಿಸ್ಟರಿನಿಂದಲೇ ಅಣಕು ಸಂದರ್ಶನಗಳನ್ನು ನಡೆಸಬೇಕು. ಅಂತಹ ಅನುಕೂಲವಿಲ್ಲದ ಕಡೆ ಇಬ್ಬರು ಸಹಪಾಠಿಗಳು ವಾರಕ್ಕೊಮ್ಮೆ ಪರಸ್ಪರ ಸಂದರ್ಶಕರಾಗಿ ಕುಳಿತು, ಗಡಿಯಾರವಿಟ್ಟುಕೊಂಡು, ಗಟ್ಟಿಯಾಗಿ ಮಾತನಾಡುತ್ತಾ ಸಮಸ್ಯೆ ಬಿಡಿಸುವುದನ್ನು ಇಂದೇ ಆರಂಭಿಸಬಹುದು.