ಡಿಸ್ನಿಗೊಂದು ಆಕಾಶ, ಉಳಿದವರಿಗೊಂದು

ಜಾಹೀರಾತಿನ ಬ್ಯಾನರ್ ಎಳೆಯುವ ಪುಟ್ಟ ವಿಮಾನ ನೆಲದಿಂದಲೇ ಬ್ಯಾನರ್ ಕಟ್ಟಿಕೊಂಡು ಏರುವುದಿಲ್ಲ. ಮೊದಲು ಬರಿದಾಗಿ ಏರುತ್ತದೆ. ಕೆಳಗೆ ಹುಲ್ಲಿನ ಮೈದಾನದಲ್ಲಿ ಎರಡು ಕಂಬ ನೆಟ್ಟು, ಬಟ್ಟೆ ಒಣಹಾಕುವ ಹಗ್ಗದ ಹಾಗೆ ಅವುಗಳ ನಡುವೆ ಒಂದು ಕುಣಿಕೆ ಕಟ್ಟಿರುತ್ತಾರೆ. ಹಗ್ಗದ ಇನ್ನೊಂದು ತುದಿಗೆ ಸಾಲಾಗಿ ಜೋಡಿಸಿದ ಆಳೆತ್ತರದ ಅಕ್ಷರಗಳು ನೆಲದ ಮೇಲೆ ಉದ್ದಕ್ಕೆ ಮಲಗಿರುತ್ತವೆ. ಪೈಲಟ್ ಒಂದು ಸುತ್ತು ಹೊಡೆದು, ಬಾಲದಿಂದ ಕೊಕ್ಕೆ ಇಳಿಬಿಟ್ಟು, ಕಂಬಗಳ ನೇರಕ್ಕೆ ತಗ್ಗಿ ಬರುತ್ತಾನೆ. ಕೊಕ್ಕೆ ಕುಣಿಕೆಗೆ ಬೀಳುವ ಹೊತ್ತಿಗೆ ಮೂತಿಯನ್ನು ಕಡಿದಾಗಿ ಮೇಲೆತ್ತಬೇಕು. ಸ್ವಲ್ಪ ಲೆಕ್ಕ ತಪ್ಪಿದರೆ ವಿಮಾನದ ವೇಗ ಸತ್ತು ನೆಲ ಕಚ್ಚುವ ಅಪಾಯ. ಸರಿಯಾಗಿ ಎತ್ತಿದರೆ ಅಕ್ಷರಗಳು ಒಂದೊಂದಾಗಿ ನೆಲ ಬಿಟ್ಟೆದ್ದು, ಗಾಳಿಗೆ ನೆಟ್ಟಗಾಗಿ, ಓದಲು ಬರುವ ಮಾತಾಗುತ್ತವೆ.

ಫ್ಲೋರಿಡಾದ ಕಡಲತೀರಗಳಲ್ಲಿ ಬೇಸಿಗೆಯ ದಿನಗಳಲ್ಲಿ ಈ ವಿಮಾನಗಳು ಬೆಳಗಿನಿಂದ ಸಂಜೆಯವರೆಗೆ ಗುಂಯ್‌ಗುಡುತ್ತ ತಿರುಗುತ್ತಿರುತ್ತವೆ. ಹೋಟೆಲಿನ ಜಾಹೀರಾತು, ಮದುವೆಗೆ ಒಪ್ಪುತ್ತೀಯಾ ಎಂಬ ಪ್ರಶ್ನೆ, ಹುಟ್ಟುಹಬ್ಬದ ಹಾರೈಕೆ, ಒಮ್ಮೊಮ್ಮೆ ಕಂಪನಿಯೊಂದರ ವಿರುದ್ಧ ಕಾರ್ಮಿಕರ ಕೂಗು. ಆದರೆ ಅದೇ ರಾಜ್ಯದ ಒರ್ಲ್ಯಾಂಡೊ ಬಳಿ ಒಂದು ವೃತ್ತವಿದೆ. ಅದರೊಳಗೆ ಈ ವಿಮಾನ ಕಾಲಿಡುವ ಹಾಗಿಲ್ಲ. ವೃತ್ತದ ನಡುವೆ ಇರುವುದು ಸೇನಾನೆಲೆಯೂ ಅಲ್ಲ, ಅಣುಸ್ಥಾವರವೂ ಅಲ್ಲ. ವಾಲ್ಟ್ ಡಿಸ್ನಿ ವರ್ಲ್ಡ್. ಅಂಥದೇ ಇನ್ನೊಂದು ವೃತ್ತ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ, ಡಿಸ್ನಿಲ್ಯಾಂಡ್ ಮೇಲೆ.

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದ ನಮ್ಮ ಕಡೆಯ ಎಷ್ಟೋ ತಂದೆ ತಾಯಂದಿರು ಈ ಎರಡರಲ್ಲಿ ಒಂದನ್ನು ನೋಡಿಯೇ ಬರುತ್ತಾರೆ. ಸಿಂಡ್ರೆಲಾ ಕೋಟೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಎಷ್ಟೋ ಮನೆಗಳ ಷೋಕೇಸಿನಲ್ಲಿದೆ. ಆ ಫೋಟೊದ ಹಿನ್ನೆಲೆಯ ನೀಲಿ ಆಕಾಶ ಅಷ್ಟು ಖಾಲಿಯಾಗಿರುವುದಕ್ಕೆ ಒಂದು ಕಾನೂನು ಕಾರಣ ಎಂದು ಯಾರಿಗೂ ಹೊಳೆಯುವುದಿಲ್ಲ.

ಆ ಕಾನೂನಿನ ಅಳತೆ ಹೀಗಿದೆ. ಪಾರ್ಕಿನ ಒಂದು ಬಿಂದುವಿನಿಂದ ಸುತ್ತ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್. ನೆಲದಿಂದ ಮೇಲಕ್ಕೆ 3,000 ಅಡಿ. ವೃತ್ತದ ವಿಸ್ತೀರ್ಣ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 97 ಚದರ ಕಿಲೋಮೀಟರ್. ಪೊಲೀಸ್, ಸೇನೆ, ಆಂಬುಲೆನ್ಸ್ ಹೆಲಿಕಾಪ್ಟರುಗಳಿಗೆ ಅಡ್ಡಿಯಿಲ್ಲ. ವಾಯು ಸಂಚಾರ ನಿಯಂತ್ರಕರ ಅನುಮತಿ ಪಡೆದು ಹಾದುಹೋಗುವವರಿಗೂ ದಾರಿಯಿದೆ. ಉಳಿದವರಿಗೆ ಇಲ್ಲ. ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ ಇದನ್ನು ಕರೆಯುವುದು ‘ತಾತ್ಕಾಲಿಕ ಹಾರಾಟ ನಿರ್ಬಂಧ’ ಎಂದು. ಎರಡು ದಶಕ ದಾಟಿದರೂ ಆ ‘ತಾತ್ಕಾಲಿಕ’ ಎಂಬ ಪದ ಹಾಗೆಯೇ ಇದೆ.

ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಏಂಜೆಲ್ ಸ್ಟೇಡಿಯಂ ಇದೆ. ನಲವತ್ತು ಸಾವಿರಕ್ಕೂ ಹೆಚ್ಚು ಜನ ಕೂತು ಬೇಸ್‌ಬಾಲ್ ನೋಡುವ ಜಾಗ. 30,000 ಅಥವಾ ಅದಕ್ಕಿಂತ ಹೆಚ್ಚು ಆಸನಗಳಿರುವ ಕ್ರೀಡಾಂಗಣಗಳ ಮೇಲೆ ದೊಡ್ಡ ಪಂದ್ಯಗಳ ಹೊತ್ತಿನಲ್ಲಿ ಅಮೆರಿಕದಲ್ಲಿ ಇದೇ ಅಳತೆಯ ನಿರ್ಬಂಧವಿದೆ. ಆದರೆ ಅದು ಆಟ ಶುರುವಾಗುವ ಒಂದು ಗಂಟೆ ಮೊದಲು ಬರುತ್ತದೆ, ಮುಗಿದ ಒಂದು ಗಂಟೆಗೆ ತೆರವಾಗುತ್ತದೆ. ಜನ ಸೇರಿದಾಗ ಕಾವಲು, ಜನ ಚದುರಿದಾಗ ಬಿಡುಗಡೆ. ಈ ತರ್ಕ ಯಾರಿಗಾದರೂ ಅರ್ಥವಾಗುತ್ತದೆ. ಡಿಸ್ನಿಯ ವೃತ್ತಕ್ಕೆ ಗಂಟೆಯಿಲ್ಲ, ರಜೆಯಿಲ್ಲ. ಪಾರ್ಕಿನ ಬಾಗಿಲು ಮುಚ್ಚಿ ಕಸ ಗುಡಿಸುವವರು ಮಾತ್ರ ಒಳಗಿರುವ ನಡುರಾತ್ರಿಯಲ್ಲೂ ಅದು ಜಾರಿಯಲ್ಲಿರುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗಾಗಿ ಬಾಗಿಲು ಹಾಕಿದ ಡಿಸ್ನಿಲ್ಯಾಂಡ್ ಮತ್ತೆ ತೆರೆದದ್ದು 2021ರ ಏಪ್ರಿಲ್ 30ರಂದು. ಒಂದು ವರ್ಷಕ್ಕೂ ಮಿಕ್ಕಿದ ಆ ಅವಧಿಯಲ್ಲಿ ಸವಾರಿಗಳಿಗೆ ಸಾಲು ನಿಲ್ಲುವವರು ಒಬ್ಬರೂ ಇರಲಿಲ್ಲ. ಆಗಲೂ ಕಾನೂನು ಬದಲಾಗಲಿಲ್ಲ.

ಇದು ಹುಟ್ಟಿದ ಕಾಲವನ್ನು ಮರೆಯುವುದು ನ್ಯಾಯವಲ್ಲ. 2001ರ ಸೆಪ್ಟೆಂಬರ್ 11ರ ನಂತರ ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಜನ ತಲೆಯೆತ್ತಿ ನೋಡುತ್ತಿದ್ದರು. ಜನ ಸೇರುವ ಬಯಲು ಜಾಗಗಳ ಮೇಲೆಲ್ಲ ಹಾರಾಟಕ್ಕೆ ಕಡಿವಾಣ ಬಿತ್ತು. ಆ ಭಯ ಸುಳ್ಳಾಗಿರಲಿಲ್ಲ. ಮುಂದೆ 2003ರಲ್ಲಿ, ಇರಾಕ್ ಯುದ್ಧದ ಹೊಸ್ತಿಲಲ್ಲಿ, ಡಿಸ್ನಿಯ ಎರಡು ಪಾರ್ಕುಗಳ ಮೇಲಿನ ನಿರ್ಬಂಧ ಗಟ್ಟಿಯಾಯಿತು. ಗಟ್ಟಿಯಾದ ಬಗೆಯೇ ನನ್ನ ತಕರಾರಿನ ಮೂಲ. ತಜ್ಞರು ಕೂತು, ಯಾವ ಜಾಗಕ್ಕೆ ಎಷ್ಟು ಅಪಾಯ ಎಂದು ತೂಗಿ, ಸಾರ್ವಜನಿಕರ ಅಭಿಪ್ರಾಯ ಕೇಳಿ ಮಾಡಿದ ನಿಯಮ ಇದಲ್ಲ. ಇದಕ್ಕೆ ಕಾನೂನಿನ ಬಲ ಬಂದದ್ದು ಸರ್ಕಾರದ ಖರ್ಚುವೆಚ್ಚದ ಬೃಹತ್ ಕಾಯ್ದೆಗಳೊಳಗೆ ಸೇರಿಕೊಂಡ ಕಲಮುಗಳಿಂದ. ನಿರ್ಬಂಧವನ್ನು ಚಾಲ್ತಿಯಲ್ಲಿ ಉಳಿಸಲೇಬೇಕು ಎಂದು ಸಂಸತ್ತೇ ಹೇಳಿದ ಮೇಲೆ ಎಫ್‌ಎಎ ಕೈ ಕಟ್ಟಿದಂತಾಯಿತು. ಅಪಾಯ ತಗ್ಗಿದೆ ಎಂದು ನಾಳೆ ಅದಕ್ಕೇ ಅನ್ನಿಸಿದರೂ ತಾನಾಗಿ ತೆಗೆಯುವ ಅಧಿಕಾರ ಅದಕ್ಕಿಲ್ಲ. 2014ರಲ್ಲಿ ಸೂಚನೆಯನ್ನು ಹೊಸದಾಗಿ ಹೊರಡಿಸಿತು, ಅಷ್ಟೇ.

ಪಾರ್ಕಿಗೆ ಬಂದವರ ಸುರಕ್ಷತೆಯೇ ಉದ್ದೇಶ ಎಂಬುದು ಕಂಪನಿಯ ಮಾತು. ಮಕ್ಕಳು ಕಿಕ್ಕಿರಿದಿರುವ ಜಾಗದ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು, ನಾನೂ ಆಡಲಾರೆ. ಆದರೆ ವೃತ್ತ ನಿಜಕ್ಕೂ ಕಾಯುತ್ತದೆಯೇ ಎಂದು ಕೇಳಲೇಬೇಕು. ಗಂಟೆಗೆ 120 ನಾಟಿಕಲ್ ಮೈಲಿ ವೇಗದ ಸಾಮಾನ್ಯ ಪುಟ್ಟ ವಿಮಾನಕ್ಕೆ ವೃತ್ತದ ಅಂಚಿನಿಂದ ನಡುವಿಗೆ ಬರಲು ಒಂದೂವರೆ ನಿಮಿಷ ಸಾಕು. ಕೇಡು ಬಗೆಯಲು ಹೊರಟವನು ನಕ್ಷೆಯ ಗೆರೆ ನೋಡಿ ವಾಪಸು ಹೋಗುವುದಿಲ್ಲ. ಗೆರೆ ನೋಡಿ ವಾಪಸು ಹೋಗುವವನು ಲೈಸೆನ್ಸ್ ಕಳೆದುಕೊಳ್ಳಲು ಒಲ್ಲದ ಪ್ರಾಮಾಣಿಕ ಪೈಲಟ್ ಮಾತ್ರ. ಖಾಸಗಿ ವಿಮಾನಗಳ ಮಾಲೀಕರು ಮತ್ತು ಪೈಲಟ್‌ಗಳ ಸಂಘಟನೆ ಈ ನಿರ್ಬಂಧವನ್ನು ಮೊದಲಿನಿಂದ ವಿರೋಧಿಸುತ್ತ ಬಂದಿರುವುದೂ ಇದೇ ಕಾರಣಕ್ಕೆ.

ಇದರಿಂದ ಆಗುವ ಲಾಭ ಬೇರೆ ಇದೆ, ಮತ್ತು ಅದು ನಿಜವಾದ ಲಾಭ. ಡಿಸ್ನಿಲ್ಯಾಂಡ್ ಕಟ್ಟುವಾಗಲೇ ಹೊರಗಿನ ಊರು ಒಳಗಿನವರ ಕಣ್ಣಿಗೆ ಬೀಳದಿರಲೆಂದು ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿದ್ದರು. ಕಥೆಯ ಲೋಕಕ್ಕೆ ಬಂದವರಿಗೆ ಪಕ್ಕದ ರಸ್ತೆಯ ಟ್ರಾಫಿಕ್ ನೆನಪಾಗಬಾರದು ಎಂಬ ಕಾಳಜಿ ಅದು. ತಲೆಯ ಮೇಲೆ ಇನ್ಯಾರದೋ ಜಾಹೀರಾತು ಹೊತ್ತ ವಿಮಾನ ಸದ್ದು ಮಾಡುತ್ತ ಸುತ್ತಿದರೆ ಆ ಲೋಕ ಒಡೆಯುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ದಿಬ್ಬ ಎಬ್ಬಿಸಿದ್ದು ಸ್ವಂತ ಜಾಗದಲ್ಲಿ, ಸ್ವಂತ ಹಣದಲ್ಲಿ. ಆಕಾಶದ ದಿಬ್ಬ ಹಾಗಲ್ಲ. ಇದಕ್ಕೆ ಬೆಲೆ ತೆತ್ತವರು ಬ್ಯಾನರ್ ಪೈಲಟ್‌ಗಳು. ಮಾತು ಕಳೆದುಕೊಂಡವರೂ ಇದ್ದಾರೆ. ಸಲಿಂಗಿಗಳು ಪಾರ್ಕಿನಲ್ಲಿ ಸೇರುವ ದಿನಗಳನ್ನು ವಿರೋಧಿಸಿ ಬ್ಯಾನರ್ ಹಾರಿಸಲು ಹೊರಟಿದ್ದ ಕ್ರೈಸ್ತ ಸಂಘಟನೆಯೊಂದು 2003ರಲ್ಲಿ ಕೋರ್ಟಿನ ಮೆಟ್ಟಿಲೇರಿತು. ಅವರ ಮಾತು ನನಗೆ ಒಂದಿಷ್ಟೂ ಹಿಡಿಸದು. ಆದರೂ ಆ ಮಾತನ್ನು ಭಯೋತ್ಪಾದನೆ ತಡೆಯುವ ಕಾನೂನು ಹಿಡಿದು ನಿಲ್ಲಿಸುವುದು ಸರಿಯಲ್ಲ. ನಾಳೆ ಸಂಬಳ ಕೇಳುವ ಕಾರ್ಮಿಕರ ಬ್ಯಾನರ್ ಕೂಡ ಅದೇ ಗೆರೆಯ ಹೊರಗೇ ನಿಲ್ಲಬೇಕಾಗುತ್ತದೆ.

ಒರ್ಲ್ಯಾಂಡೊದಲ್ಲೇ ಯೂನಿವರ್ಸಲ್ ಪಾರ್ಕುಗಳಿವೆ, ಸೀ ವರ್ಲ್ಡ್ ಇದೆ. ಡಿಸ್ನಿಲ್ಯಾಂಡಿಗೆ ಹತ್ತಿರದ ಬ್ಯೂನಾ ಪಾರ್ಕಿನಲ್ಲಿ ನಾಟ್ಸ್ ಬೆರಿ ಫಾರ್ಮ್ ಇದೆ. ಅಲ್ಲೂ ಅಷ್ಟೇ ಪುಟ್ಟ ಮಕ್ಕಳು ಅಪ್ಪನ ಹೆಗಲೇರಿ ಕೂತಿರುತ್ತಾರೆ. ಅವರ ತಲೆಯ ಮೇಲೆ ಇಂಥ ಶಾಶ್ವತ ವೃತ್ತವಿಲ್ಲ. ಒಂದೋ ಈ ರಕ್ಷಣೆ ಅಗತ್ಯ, ಹಾಗಿದ್ದರೆ ಆ ಮಕ್ಕಳನ್ನು ಎರಡು ದಶಕ ಅಪಾಯಕ್ಕೆ ಬಿಟ್ಟಂತಾಯಿತು. ಇಲ್ಲವೇ ಅಗತ್ಯವಿಲ್ಲ, ಹಾಗಿದ್ದರೆ ಡಿಸ್ನಿಗೂ ಬೇಡ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂಬ ಮಾತನ್ನು ಸಮರ್ಥಿಸುವ ಮೂರನೆಯ ವಾದ ನನಗೆ ಎಲ್ಲೂ ಸಿಗಲಿಲ್ಲ. 2016ರ ಜುಲೈನಲ್ಲಿ ಅಮೆರಿಕದ ಸಂಸತ್ತು ಡ್ರೋನ್‌ಗಳ ಮಟ್ಟಿಗೆ ಈ ತಾರತಮ್ಯ ಸರಿಪಡಿಸುವ ಮನಸ್ಸು ಮಾಡಿತ್ತು. ತೈಲ ಶುದ್ಧೀಕರಣ ಘಟಕ, ರಾಸಾಯನಿಕ ಕಾರ್ಖಾನೆ, ಮನರಂಜನಾ ಪಾರ್ಕು ಯಾವುದೇ ಇರಲಿ, ತಮ್ಮ ಮೇಲೆ ಡ್ರೋನ್ ಹಾರಿಸದಂತೆ ತಡೆಯಿರಿ ಎಂದು ಅರ್ಜಿ ಹಾಕಲು ಎಲ್ಲರಿಗೂ ಒಂದೇ ದಾರಿ ಮಾಡಿ ಎಂದು ಕಲಂ 2209ರಲ್ಲಿ ಎಫ್‌ಎಎಗೆ ಹೇಳಿತು. ಕೊಟ್ಟ ಗಡುವು 180 ದಿನ. ಗಡುವು ಮುಗಿದು ವರ್ಷಗಳು ಉರುಳಿದವೇ ಹೊರತು ಆ ದಾರಿ ತೆರೆಯಲಿಲ್ಲ. ಹೆಸರಿದ್ದವರಿಗೆ ಖರ್ಚುವೆಚ್ಚದ ಕಾಯ್ದೆಯಲ್ಲಿ ಒಂದು ಕಲಂ ಸಾಕಾಯಿತು. ಹೆಸರಿಲ್ಲದವರು ಕಾಯುತ್ತ ಕೂತರು.

ಅದೇ 2016ರ ನವೆಂಬರ್‌ನಲ್ಲಿ ಡಿಸ್ನಿ ವರ್ಲ್ಡಿನ ಆಕಾಶದಲ್ಲಿ 300 ಡ್ರೋನ್‌ಗಳು ಕ್ರಿಸ್ಮಸ್ ಮರವಾಗಿ, ಹಕ್ಕಿಯಾಗಿ ಬೆಳಗಿದವು. ಇಂಟೆಲ್ ಕಂಪನಿಯ ಜೊತೆಗೂಡಿ ಡಿಸ್ನಿಯೇ ನಡೆಸಿದ ಪ್ರದರ್ಶನ ಅದು. ಸರೋವರದ ನೀರಿನಲ್ಲಿ ಆ ಬೆಳಕಿನ ನೆರಳು ಬಿದ್ದು ಸೊಗಸಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಎಫ್‌ಎಎ ಅದಕ್ಕೆ ವಿಶೇಷ ಅನುಮತಿ ಕೊಟ್ಟಿತ್ತು. ಜಾಗದ ಸ್ವಂತ ಕೆಲಸಗಳಿಗಾಗಿ ವಿನಾಯಿತಿ ಕೊಡಲು ಕಾನೂನಿನಲ್ಲಿ ಅವಕಾಶವಿದೆ, ಅನುಮತಿಯಲ್ಲಿ ಲೋಪವಿರಲಿಲ್ಲ. ನನಗೆ ಕಸಿವಿಸಿಯಾಗುವುದು ಫಲಿತಾಂಶ ನೋಡಿ. ದೇಶದ ರಕ್ಷಣೆಗೆಂದು ಎಲ್ಲರಿಗೂ ಮುಚ್ಚಿದ ಆಕಾಶ, ಯಾರ ಕೋರಿಕೆಗೆ ಮುಚ್ಚಿತೋ ಅವರ ವ್ಯಾಪಾರದ ಸಂಜೆಗೆ ತೆರೆದುಕೊಂಡಿತು.

ಆಕಾಶ ನೆಲದ ಒಡೆಯನದಲ್ಲ ಎಂದು ಇದೇ ದೇಶದ ಸುಪ್ರೀಂ ಕೋರ್ಟು 1946ರಲ್ಲೇ ಹೇಳಿತ್ತು. ನಾರ್ತ್ ಕೆರೊಲಿನಾದ ಥಾಮಸ್ ಲೀ ಕಾಸ್ಬಿ ಎಂಬಾತ ಕೋಳಿ ಸಾಕಿ ಬದುಕುತ್ತಿದ್ದ. ಯುದ್ಧಕಾಲದಲ್ಲಿ ಸೇನೆಯ ವಿಮಾನಗಳು ಅವನ ಜಮೀನಿನ ಮೇಲೆ ಬರೀ 83 ಅಡಿ ಎತ್ತರದಲ್ಲಿ ಇಳಿಯತೊಡಗಿದವು. ಸದ್ದಿಗೆ ಬೆದರಿದ ಕೋಳಿಗಳು ಗೋಡೆಗೆ ಹಾರಿ ಡಿಕ್ಕಿ ಹೊಡೆದು ಸಾಯುತ್ತಿದ್ದವು. ಹೀಗೆ ಸತ್ತದ್ದು ಸುಮಾರು 150. ಕಸುಬು ನಿಂತುಹೋಯಿತು. ನೆಲ ಯಾರದೋ ಆಕಾಶವೂ ಅವರದೇ ಎಂಬ ಹಳೆಯ ಕಾನೂನಿಗೆ ಈ ಕಾಲದಲ್ಲಿ ಜಾಗವಿಲ್ಲ, ವಾಯುಮಾರ್ಗ ಸಾರ್ವಜನಿಕ ಹೆದ್ದಾರಿಯಿದ್ದಂತೆ ಎಂದಿತು ಕೋರ್ಟು. ಆದರೆ ಇಷ್ಟು ತಗ್ಗಿನಲ್ಲಿ ಹಾರಿ ನೆಲದ ಬಳಕೆಯನ್ನೇ ಕಿತ್ತುಕೊಂಡರೆ ಪರಿಹಾರ ಕೊಡಬೇಕು ಎಂದೂ ಹೇಳಿತು. ಕೋಳಿ ಸತ್ತ ಲೆಕ್ಕ ಇಟ್ಟುಕೊಂಡು ಆ ಬಡಪಾಯಿ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ತನಗಾದ ನಷ್ಟವನ್ನು ಅವನು ರುಜುವಾತು ಮಾಡಬೇಕಿತ್ತು. ಡಿಸ್ನಿಯ ಹತ್ತಿರ ಅಂಥ ಲೆಕ್ಕವನ್ನು ಯಾವ ಕೋರ್ಟೂ ಕೇಳಲಿಲ್ಲ.

ವಿನಾಯಿತಿ ಎಂಬುದೇ ತಪ್ಪು ಎನ್ನಲಾರೆ. ನಮ್ಮ ವಿಮಾನ ನಿಲ್ದಾಣಗಳಲ್ಲಿ ತಪಾಸಣೆಯಿಂದ ವಿನಾಯಿತಿ ಪಡೆದವರ ಪಟ್ಟಿಯ ಫಲಕ ನೋಡಿದ್ದೇವೆ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು. ಅಲ್ಲಿ ವಿನಾಯಿತಿ ಹುದ್ದೆಗೆ ಅಂಟಿಕೊಂಡಿರುತ್ತದೆ. ಬಹುಪಾಲು ಮಂದಿಗೆ ಹುದ್ದೆ ಹೋದ ದಿನ ಅದೂ ಹೋಗುತ್ತದೆ. ವ್ಯಾಪಾರಿಯ ಅಳತೆಗೆ ಹೊಲಿದ ವಿನಾಯಿತಿ ಹೋಗುವುದು ರಾಜಕೀಯದ ಗಾಳಿ ತಿರುಗಿದಾಗ ಮಾತ್ರ. ಫ್ಲೋರಿಡಾ 2021ರಲ್ಲಿ ಸಾಮಾಜಿಕ ಜಾಲತಾಣಗಳಿಗೆ ಮೂಗುದಾರ ಹಾಕಲು ಕಾನೂನು ತಂದಾಗ, ಕನಿಷ್ಠ 25 ಎಕರೆಯ ಥೀಮ್ ಪಾರ್ಕ್ ಇರುವ ಕಂಪನಿಗಳಿಗೆ ಅನ್ವಯಿಸದು ಎಂದು ಸೇರಿಸಿತ್ತು. ಜಾಲತಾಣಕ್ಕೂ ಪಾರ್ಕಿನ ಎಕರೆಗೂ ಏನು ಸಂಬಂಧ? ಮರುವರ್ಷ ಡಿಸ್ನಿಗೂ ಗವರ್ನರ್ ರಾನ್ ಡಿಸ್ಯಾಂಟಿಸ್‌ಗೂ ಜಟಾಪಟಿಯಾಯಿತು. ಆ ವಿನಾಯಿತಿಯನ್ನು ಕಿತ್ತು ಹಾಕಿದರು. ಕೊಟ್ಟದ್ದೂ ನ್ಯಾಯ ನೋಡಿ ಅಲ್ಲ, ಕಿತ್ತದ್ದೂ ನ್ಯಾಯ ನೋಡಿ ಅಲ್ಲ.

ಆಕಾಶದ ವೃತ್ತವನ್ನು ಆ ರೀತಿ ಸಿಟ್ಟಿಗೆ ಕಿತ್ತು ಹಾಕಬೇಕೆಂದು ನಾನು ಕೇಳುತ್ತಿಲ್ಲ. ಅಪಾಯವಿದೆ ಎನ್ನುವವರು ಪ್ರತಿ ಎರಡು ವರ್ಷಕ್ಕೊಮ್ಮೆ ಬಂದು ಎಫ್‌ಎಎ ಮುಂದೆ ಅದನ್ನು ತೋರಿಸಲಿ. ತೋರಿಸಿದರೆ ಉಳಿಯಲಿ, ಯೂನಿವರ್ಸಲ್‌ಗೂ ನಾಟ್ಸ್‌ಗೂ ಅದೇ ಬಾಗಿಲು ತೆರೆದಿರಲಿ. ಜನ ಇಲ್ಲದ ಹೊತ್ತಿನಲ್ಲಿ ಸ್ಟೇಡಿಯಂಗಳ ಹಾಗೆ ತೆರವಾಗಲಿ.

ಈ ಕಂಪನಿ ಆಕಾಶದ ನಿಯಮಕ್ಕೆ ತಾನೇ ಹೊಂದಿಕೊಂಡ ಕಾಲವೂ ಇತ್ತು. ಸಿಂಡ್ರೆಲಾ ಕೋಟೆಯ ಎತ್ತರ 189 ಅಡಿ. 200 ಅಡಿ ದಾಟಿದರೆ ವಿಮಾನಗಳ ಎಚ್ಚರಿಕೆಗಾಗಿ ತುದಿಯಲ್ಲಿ ಕೆಂಪು ದೀಪ ಹಾಕಬೇಕಾಗುತ್ತದೆ, ಕೋಟೆಯ ಗೋಪುರಕ್ಕೆ ಅದು ಒಪ್ಪುವುದಿಲ್ಲ. ಆ ಜಾಗವನ್ನು ಆರಿಸುವ ಮೊದಲು ವಾಲ್ಟ್ ಡಿಸ್ನಿ ನೋಡಿದ್ದೂ ವಿಮಾನದ ಕಿಟಕಿಯಿಂದಲೇ. 1963ರ ನವೆಂಬರ್ 22ರಂದು ಒರ್ಲ್ಯಾಂಡೊ ಸುತ್ತಲಿನ ಜೌಗು, ಕಾಡು, ಹೆದ್ದಾರಿಗಳ ಮೇಲೆ ಹಾರಿ ನೋಡಿದ ದಿನವೇ ಅಧ್ಯಕ್ಷ ಕೆನಡಿ ಹತ್ಯೆಯಾಯಿತು. 1971ರಲ್ಲಿ ಪಾರ್ಕು ತೆರೆದಾಗ ಮ್ಯಾಜಿಕ್ ಕಿಂಗ್‌ಡಮ್‌ನ ಪಾರ್ಕಿಂಗ್ ಮೈದಾನದ ಪಕ್ಕದಲ್ಲೇ 2,000 ಅಡಿಯ ಚಿಕ್ಕ ರನ್‌ವೇ ಇತ್ತು. ಪ್ರವಾಸಿಗರನ್ನು ಹೊತ್ತ ಪುಟ್ಟ ವಿಮಾನಗಳು ಮರಗಳ ಮೇಲಿಂದ ತಗ್ಗಿ ಬಂದು ಅಲ್ಲಿ ಇಳಿಯುತ್ತಿದ್ದವು. ಆ ಪಟ್ಟಿ ಈಗಲೂ ಅಲ್ಲೇ ಇದೆ, ವಿಮಾನಗಳು ಬರುವುದಿಲ್ಲ. ಬಸ್ಸುಗಳು ನಿಂತಿರುತ್ತವೆ.