ದೂರವನ್ನು ತಪ್ಪಾಗಿ ಹೇಳುವ ಕ್ಯಾಮರಾ

ಬಸವನಗುಡಿಯ ಹಳೆಯ ರಸ್ತೆಗಳ ಕಾಲುದಾರಿಯಲ್ಲಿ ಕಣ್ಣುಳ್ಳವರೂ ಎಚ್ಚರದಿಂದಲೇ ನಡೆಯಬೇಕು. ಕಣ್ಣಿಲ್ಲದವರ ಪಾಡೇನು? ಕೈಯ ಬಿಳಿಯ ಕೋಲು ನೆಲದ ಮೇಲಿನ ಅಡ್ಡಿಯನ್ನು ತಿಳಿಸೀತು. ಎದೆಯ ಮಟ್ಟಕ್ಕೆ ಚಾಚಿಕೊಂಡ ಕೊಂಬೆಯನ್ನಾಗಲಿ, ಅಂಗಡಿಯ ತಗಡಿನ ಮಾಡನ್ನಾಗಲಿ ತಿಳಿಸಲಾರದು. ನಮ್ಮ ವಿದ್ಯಾರ್ಥಿಗಳು ಕೆಲವರು ಇದಕ್ಕಾಗಿ ಒಂದು ಉಪಕರಣವನ್ನು ಹೂಡಿದರು. ಎದೆಯ ಮೇಲೆ ಧರಿಸುವ ಪುಟ್ಟ ಡೆಪ್ತ್ ಕ್ಯಾಮರಾ ಅದು. ಎದುರಿನ ವಸ್ತು 4 ಮೀಟರಿಗಿಂತ ಹತ್ತಿರವಾದೊಡನೆ ಕಿವಿಯಲ್ಲಿ ಸದ್ದು ಮಾಡುತ್ತದೆ. ವಿದ್ಯಾರ್ಥಿಯೊಬ್ಬನ ಸೋದರಮಾವ, ಚಾಮರಾಜಪೇಟೆಯವರು, ದೃಷ್ಟಿಯಿಲ್ಲದವರು, ಅದನ್ನು ಧರಿಸಿ ನಡೆದು ನೋಡಲು ಒಪ್ಪಿದ್ದರು. ಅವರ ಕೈಗೆ ಕೊಡುವ ಮುನ್ನ ನಾವು ಪ್ರಯೋಗಶಾಲೆಯ ಗೋಡೆಯ ಮುಂದೆ ಟೇಪು ಹಿಡಿದು ಪರೀಕ್ಷಿಸಿದೆವು. ಕ್ಯಾಮರಾ ಹೇಳಿದ ದೂರವೇ ಬೇರೆ, ಟೇಪು ಹೇಳಿದ ದೂರವೇ ಬೇರೆ!

ದೋಷವನ್ನು ಹುಡುಕುವ ಮುನ್ನ ಈ ಯಂತ್ರ ದೂರವನ್ನು ಅರಿಯುವ ಬಗೆಯನ್ನು ನೋಡೋಣ. ಮುಖದ ಮುಂದೆ ಒಂದು ಬೆರಳನ್ನು ಹಿಡಿದು ಎಡಗಣ್ಣು ಬಲಗಣ್ಣುಗಳನ್ನು ಸರದಿಯಂತೆ ಮುಚ್ಚಿ ನೋಡಿರಿ. ಬೆರಳು ಅತ್ತಿತ್ತ ಜಿಗಿದಂತೆ ತೋರುವುದಷ್ಟೆ? ಬೆರಳು ದೂರ ಸರಿದಂತೆ ಜಿಗಿತ ಕಿರಿದಾಗುತ್ತದೆ. ನಮ್ಮ ಕ್ಯಾಮರಾಕ್ಕೂ ಎರಡು ಕಣ್ಣುಗಳು. ಅವುಗಳ ನಡುವಣ ಅಂತರ 5 ಸೆಂಟಿಮೀಟರು. ಒಂದೇ ವಸ್ತು ಎರಡು ಚಿತ್ರಗಳಲ್ಲಿ ಎಷ್ಟು ಪಿಕ್ಸೆಲ್‌ಗಳಷ್ಟು ಸರಿದಿದೆ ಎಂಬುದನ್ನು ಅದು ಎಣಿಸುತ್ತದೆ. ಈ ಸರಿತವನ್ನು ಪಲ್ಲಟವೆನ್ನೋಣ. ಪಲ್ಲಟವೂ ದೂರವೂ ವಿಲೋಮವಾದುವು. ಮಸೂರದ ನಾಭಿದೂರ 640 ಪಿಕ್ಸೆಲ್‌ಗಳಿಗೆ ಸಮನಾದ ನಮ್ಮ ಯಂತ್ರದಲ್ಲಿ 1 ಮೀಟರ್ ದೂರದ ವಸ್ತುವಿನ ಪಲ್ಲಟ 32 ಪಿಕ್ಸೆಲ್. 2 ಮೀಟರಿಗೆ 16. 4 ಮೀಟರಿಗೆ ಬರಿಯ 8. ಬೆಳಕು ಹೋಗಿಬರುವ ಕಾಲವನ್ನೇ ಅಳೆದು ದೂರವನ್ನು ತಿಳಿಯುವ ಬೇರೊಂದು ಬಗೆಯ ಕ್ಯಾಮರಾಗಳೂ ಉಂಟು. ಅವುಗಳ ಕಥೆ ಬೇರೆ.

ಮೊದಲ ದೂರು ಗೋಡೆಯ ಅಂಚಿನ ಬಗ್ಗೆ ಬಂದಿತು. ನಡುವೆ ಎದುರಾಗಿ ಅಳೆದಾಗ 2 ಮೀಟರಿದ್ದ ಗೋಡೆ, ಓರೆಯಾಗಿ ಅಂಚಿನವರೆಗೆ ಟೇಪು ಎಳೆದಾಗ 2.44 ಮೀಟರಾಯಿತು, ಕ್ಯಾಮರಾ ಮಾತ್ರ ಅಲ್ಲಿಯೂ ಸುಮಾರು 2 ಎಂದೇ ಹೇಳಿತು. ಇದು ಯಂತ್ರದ ತಪ್ಪಲ್ಲ. ಅದು ಕೊಡುವುದು ತನ್ನ ಮುಖದಿಂದ ನೇರವಾಗಿ ಮುಂದಕ್ಕೆ ಅಳೆದ ಲಂಬದೂರವನ್ನೇ ಹೊರತು ಓರೆದೂರವನ್ನಲ್ಲ. ಟೇಪು 35 ಡಿಗ್ರಿ ಓರೆಯಾಗಿತ್ತು, 2.44ನ್ನು ಆ ಕೋನದ ಕೊಸೈನಿನಿಂದ ಗುಣಿಸಿದರೆ 2 ಬಂದೀತು. ಇಂತಹ ಹುಸಿ ದೋಷಗಳಲ್ಲಿಯೇ ಅರ್ಧ ದಿನ ಕಳೆಯುವುದುಂಟು, ನಾವೂ ಕಳೆದೆವು.

ಅನಂತರ ಓರೆಯನ್ನು ಬಿಟ್ಟು ನೇರವಾಗಿಯೇ ಅಳೆದೆವು. 1 ಮೀಟರಿನ ಗೋಡೆಯನ್ನು ಕ್ಯಾಮರಾ 1.03 ಎಂದಿತು, 2 ಮೀಟರನ್ನು 2.13 ಎಂದಿತು, 4 ಮೀಟರನ್ನು 4.57 ಎಂದಿತು. ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ತಪ್ಪು ಎಷ್ಟು ಎಂಬುದಕ್ಕಿಂತ, ದೂರದೊಡನೆ ಅದು ಹೇಗೆ ಬೆಳೆಯಿತು ಎಂಬುದೇ ಮುಖ್ಯವಾದುದು. ಟೇಪಿನ ತುದಿಯನ್ನು ತಪ್ಪಾದ ಜಾಗದಲ್ಲಿ ಹಿಡಿದಿದ್ದರೆ ಎಲ್ಲ ದೂರಗಳಲ್ಲಿಯೂ ತಪ್ಪು ಒಂದೇ ಆಗಿರಬೇಕಿತ್ತು. ಕಣ್ಣುಗಳ ನಡುವಣ ಅಂತರವನ್ನೋ ನಾಭಿದೂರವನ್ನೋ ಯಂತ್ರ ತಪ್ಪಾಗಿ ತಿಳಿದಿದ್ದರೆ, ದೂರ ಇಮ್ಮಡಿಯಾದಾಗ ತಪ್ಪೂ ಇಮ್ಮಡಿಯಾಗಬೇಕಿತ್ತು. ಇಲ್ಲಿಯಾದರೋ 3, 13, 57 ಸೆಂಟಿಮೀಟರು. ದೂರ ಇಮ್ಮಡಿಯಾದಾಗಲೆಲ್ಲ ತಪ್ಪು ನಾಲ್ಮಡಿಗೂ ತುಸು ಮಿಗಿಲು! ವರ್ಗದಂತೆ ಬೆಳೆಯುವ ತಪ್ಪು ಪಲ್ಲಟದ ಎಣಿಕೆಯಲ್ಲಿ ಮಾತ್ರ ಹುಟ್ಟಬಲ್ಲದು. ಲೆಕ್ಕ ಹಾಕಿ ನೋಡಿರಿ: 32, 16, 8 ಇರಬೇಕಾದ ಕಡೆ 31, 15, 7 ಎಂದು ಎಣಿಸಿದರೆ ಸರಿಯಾಗಿ ಇವೇ ದೂರಗಳು ಬರುತ್ತವೆ. ಎಲ್ಲ ಕಡೆಯೂ ಒಂದೇ ಒಂದು ಪಿಕ್ಸೆಲ್ ಕಡಿಮೆ.

ಒಂದು ಪಿಕ್ಸೆಲ್ ಕಳೆದುಹೋಗಬೇಕಾದರೆ ಒಂದು ಕಣ್ಣು ಇನ್ನೊಂದಕ್ಕಿಂತ ಡಿಗ್ರಿಯ ಹನ್ನೊಂದನೆಯ ಒಂದು ಪಾಲಿನಷ್ಟು ತಿರುಗಿದ್ದರೆ ಸಾಕು. ಯಾರಾದರೂ ಬೀಳಿಸಿದಿರಾ ಎಂದು ಕೇಳಿದೆವು. ಸ್ವಲ್ಪ ಹೊತ್ತು ಮೌನ. ಬಳಿಕ, ಹಿಂದಿನ ವಾರ ಮೇಜಿನಿಂದ ಜಾರಿತ್ತು ಎಂಬ ಉತ್ತರ ಬಂದಿತು. ಪಾಪ, ಹೇಳಿಕೊಳ್ಳಲು ಅವನಿಗೆ ಸಂಕೋಚ. ಆದರೆ ಪರಿಣಾಮ ಸಣ್ಣದಲ್ಲ: 4 ಮೀಟರಿನಲ್ಲಿ ಸದ್ದು ಮಾಡಬೇಕಾದ ಯಂತ್ರ, ಕಂಬ ಮೂರೂವರೆ ಮೀಟರಿಗೆ ಬಂದ ಮೇಲೆ ಎಚ್ಚರಿಸುತ್ತಿತ್ತು.

ಬೀಳದೆಯೂ ಕಣ್ಣು ತಿರುಗಬಹುದು. ಚಾಲೂ ಮಾಡಿದ ಬಳಿಕ ಕ್ಯಾಮರಾ ಬಿಸಿಯಾಗುತ್ತದೆ, ಚೌಕಟ್ಟು ಹಿಗ್ಗುತ್ತದೆ, ಓದಿಕೆ ಮೆಲ್ಲನೆ ಸರಿಯುತ್ತದೆ. ಆದುದರಿಂದ ಅದು ಬೆಚ್ಚಗಾಗಿ ನೆಲೆಗೊಂಡ ಮೇಲೆಯೇ ಅಳೆಯಬೇಕು. ಶಾಖದ ಈ ಕಾಟ ನಮ್ಮ ಊರಿಗೆ ಹೊಸದಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯೊಂದನ್ನು 100 ಅಡಿಯ ಉಕ್ಕಿನ ಸರಪಣಿಯಿಂದ ಅಳೆದನು. ಉಕ್ಕು 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಅಷ್ಟು ಉದ್ದದಲ್ಲಿ ನಾಲ್ಕು ಅಡಿಗೂ ಮೀರಿದ ತಪ್ಪು ನುಸುಳುತ್ತದೆ. ಆದಕಾರಣ ಉಷ್ಣತೆಯನ್ನು ಅಳೆದು ಅಳತೆಯನ್ನು ತಿದ್ದಬೇಕಾಗುತ್ತಿತ್ತು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ಅಳೆದಾಗ, ಮದರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕಹಾಕಿ ತಂದ ಉದ್ದಕ್ಕೂ ನೆಲದ ಮೇಲಿನ ಅಳತೆಗೂ ಇದ್ದ ವ್ಯತ್ಯಾಸ ಸುಮಾರು ನಾಲ್ಕು ಅಂಗುಲ ಮಾತ್ರ. ಇಂದಿನ ನಮ್ಮ ಕ್ಯಾಮರಾ ಅದರ ಮುಂದೆ ನಾಚಬೇಕು.

ನಾವು ಚದುರಂಗದ ಹಾಸಿನಂತಹ ಕಪ್ಪು ಬಿಳುಪು ಚೌಕಗಳ ಹಲಗೆಯನ್ನು ಹಲವು ಕೋನಗಳಲ್ಲಿ ಕ್ಯಾಮರಾಕ್ಕೆ ತೋರಿಸಿ ಕ್ಯಾಲಿಬ್ರೇಷನ್ ಮಾಡಿದೆವು. ಎಂದರೆ, ಗೊತ್ತಿರುವ ಅಳತೆಯೊಡನೆ ತಾಳೆ ನೋಡಿ ಕಣ್ಣುಗಳ ಓರೆಯನ್ನು ಲೆಕ್ಕದಲ್ಲಿಯೇ ತಿದ್ದಿದೆವು. 4 ಮೀಟರಿನಲ್ಲಿ ತಪ್ಪು 8 ಸೆಂಟಿಮೀಟರಿಗೆ ಇಳಿಯಿತು.

ಕ್ಯಾಲಿಬ್ರೇಷನ್ನಿಗೆ ಬಗ್ಗದ ತಪ್ಪುಗಳೂ ಉಂಟು. ಮಲ್ಲೇಶ್ವರದ ಹಳೆಯ ಮನೆಯೊಂದರ ಕಿಟಕಿಯನ್ನು ತೋರಿಸಿದೆವು. 10 ಸೆಂಟಿಮೀಟರಿಗೊಂದರಂತೆ ನಿಂತ ಕಬ್ಬಿಣದ ಸರಳುಗಳು, 2 ಮೀಟರ್ ದೂರ. ಸರಳುಗಳೆಲ್ಲ ಒಂದೇ ತೆರ. ಎಡಗಣ್ಣಿನ ಮೂರನೆಯ ಸರಳನ್ನು ಯಂತ್ರ ಬಲಗಣ್ಣಿನ ನಾಲ್ಕನೆಯದೆಂದು ಬಗೆಯಿತು. ಪಲ್ಲಟ 16ರ ಬದಲು 48 ಆಯಿತು. ಕಿಟಕಿ ಒಮ್ಮೆಗೇ 67 ಸೆಂಟಿಮೀಟರಿಗೆ ಹಾರಿಬಂದಿತು! ಕ್ಯಾಮರಾವನ್ನು ತುಸು ವಾಲಿಸಿ ಹಿಡಿದಾಗ ಗೊಂದಲ ಕಡಿಮೆಯಾಯಿತು. ಸುಣ್ಣ ಬಳಿದ ಬೋಳು ಗೋಡೆಯಲ್ಲಿ ಹೋಲಿಸಲು ಗುರುತೇ ಇಲ್ಲ. ಅದಕ್ಕಾಗಿ ಯಂತ್ರ ತಾನೇ ಅವಕೆಂಪು ಬೆಳಕಿನ ಚುಕ್ಕೆಗಳನ್ನು ಚೆಲ್ಲುತ್ತದೆ. ನಡುಹಗಲ ಬಿಸಿಲಿನಲ್ಲಿ ಆ ಚುಕ್ಕೆಗಳು ಮುಳುಗಿಹೋಗುತ್ತವೆ. ಎಲ್ಲಕ್ಕಿಂತ ನಮ್ಮನ್ನು ಹೆದರಿಸಿದುದು ಅದೇ ಮನೆಯ ರೆಡ್ ಆಕ್ಸೈಡ್ ನೆಲ. ತಲೆತಲಾಂತರದಿಂದ ಒರೆಸಿ ಕನ್ನಡಿಯಾದ ಆ ನೆಲದಲ್ಲಿ ಕ್ಯಾಮರಾ ನೆಲವನ್ನು ಕಾಣದೆ ಚಾವಣಿಯ ದೀಪದ ಬಿಂಬವನ್ನು ಕಂಡಿತು. ಕಾಲ ಬಳಿ ಚಾವಣಿಯ ಎತ್ತರದಷ್ಟೇ ಆಳದ ಹಳ್ಳವಿದೆಯೆಂದು ವರದಿ ಮಾಡಿತು.

ಸೋದರಮಾವನವರಿಗೆ ಇದನ್ನೆಲ್ಲ ಮುಚ್ಚಿಡದೆ ಹೇಳಿದೆವು. ಒಂದು ಸಂಜೆ ಬಿಸಿಲು ಇಳಿದ ಮೇಲೆ ಅವರು ಉಪಕರಣವನ್ನು ಧರಿಸಿ ತಮ್ಮ ಬೀದಿಯ ತುದಿಯವರೆಗೆ ನಡೆದರು. ಎದೆಮಟ್ಟದ ಕೊಂಬೆಯೊಂದಕ್ಕೆ ಸಕಾಲದಲ್ಲಿ ತಲೆ ಬಗ್ಗಿಸಿದರು. ಕೈಯ ಕೋಲನ್ನು ಮಾತ್ರ ಬಿಡಲಿಲ್ಲ. ಬಿಡಿರೆಂದು ನಾವೂ ಹೇಳಲಿಲ್ಲ.